ಉಪದೇಶ ತಗೊಂಡಾಯ್ತು, ಇನ್ನು ಮನೆಯಲ್ಲಿ ಏನು ಮಾಡೋದು?

ಗುರುಗಳಿಂದ ಮಂತ್ರದ ಉಪದೇಶ ಆದ ದಿನ ಎಲ್ಲರಿಗೂ ಒಂದು ಉಮೇದು ಇರುತ್ತದೆ. ದಿನಕ್ಕೆ ಜಪಮಾಲೆಯ ಹತ್ತು ಸರ ಜಪ, ನಸುಕಿನಲ್ಲಿ ಏಳೋದು, ತಿಂಗಳಿಗೊಮ್ಮೆ ಆಶ್ರಮ, ಇವತ್ತಿನಿಂದ ಕೋಪ ಬಂದ್. ಹದಿನೈದು ದಿನದಲ್ಲಿ ಎಲ್ಲ ಇಳಿದುಹೋಗುತ್ತದೆ. ನನಗೂ ಹಾಗೇ ಆಯ್ತು. ಆಶ್ರಮದಲ್ಲಿರುವವರಿಗೆ ಗಂಟೆ ಹೊಡೆದು ಎಬ್ಬಿಸುತ್ತಾರೆ. ಸಂಸಾರದಲ್ಲಿರೋ ನಮ್ಮನ್ನು ಎಬ್ಬಿಸೋರು ಯಾರೂ ಇಲ್ಲ, ಅಲ್ವಾ?

ಇನ್ನೂ ಉಪದೇಶ ತಗೊಂಡಿಲ್ಲ ಅಂದ್ರೆ ಅವಸರ ಬೇಡ. ಒಂದೆರಡು ವರ್ಷ ಸುಮ್ನೆ ಹೋಗಿ ಬನ್ನಿ. ದುಡ್ಡಿನ ಮಾತು ಬಂದಾಗ ಗುರುಗಳು ಹೇಗಿರುತ್ತಾರೆ, ಅಡುಗೆಮನೆಯಲ್ಲಿ ಕೆಲಸ ಮಾಡುವವರನ್ನು ಹೇಗೆ ಮಾತಾಡಿಸುತ್ತಾರೆ, ಕಾಣಿಕೆ ಕೊಡೋಕಾಗದವನ ಕಡೆ ತಿರುಗಿ ನೋಡುತ್ತಾರಾ ಅಂತ ಗಮನಿಸಿ. ಹಾಗೆ ನೋಡೋದು ಗುರುದ್ರೋಹ ಅಲ್ಲ. ರಾಮಕೃಷ್ಣ ಪರಮಹಂಸರು ಹಣ ಮುಟ್ಟೋದಿಲ್ಲ ಅನ್ನೋದು ನಿಜವಾ ಅಂತ ವಿವೇಕಾನಂದರೇ, ಆಗ ಅವರಿನ್ನೂ ನರೇಂದ್ರ, ಹಾಸಿಗೆ ಕೆಳಗೆ ನಾಣ್ಯ ಇಟ್ಟು ಪರೀಕ್ಷೆ ಮಾಡಿದ್ದರು. ಪರಮಹಂಸರು ಬೇಜಾರು ಮಾಡಿಕೊಳ್ಳಲಿಲ್ಲ.

ಈಗ ಜಪ. ಕಡಿಮೆ ಒಪ್ಪಿಕೊಳ್ಳಿ, ಆದರೆ ತಪ್ಪಿಸಬೇಡಿ. ಚಿಕ್ಕ ಮಂತ್ರವಾದರೆ ಒಂದು ಸರಕ್ಕೆ ಐದಾರು ನಿಮಿಷ ಸಾಕು. ಸರವನ್ನು ಬಲಗೈಯ ನಡುಬೆರಳ ಮೇಲೆ ಹಾಕಿಕೊಂಡು ಹೆಬ್ಬೆರಳಿನಿಂದ ಒಂದೊಂದೇ ಮಣಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ತೋರುಬೆರಳು ತಾಗಿಸಬೇಡಿ. 108 ಮಣಿ ಮುಗಿದು ಮೇರು, ಅಂದರೆ ಸರದ ತುದಿಯ ಮಣಿ, ಸಿಕ್ಕಾಗ ಅದನ್ನು ದಾಟಬಾರದು, ಸರವನ್ನು ಅಲ್ಲೇ ತಿರುಗಿಸಿ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಮೊದಮೊದಲು ಈ ತಿರುಗಿಸುವ ಹೊತ್ತಿಗೇ ಸರ ಕೈಜಾರುತ್ತದೆ, ಲೆಕ್ಕ ತಪ್ಪುತ್ತದೆ. ಪರವಾಗಿಲ್ಲ, ಮತ್ತೆ ಶುರು ಮಾಡಿ. ನಿಮ್ಮ ಗುರುಗಳು ಬೇರೆ ಥರ ತೋರಿಸಿದ್ದರೆ ಅದೇ ಸರಿ, ನನ್ನ ಮಾತು ಬಿಡಿ. ಬಸ್ಸಿನಲ್ಲಿ, ಆಫೀಸಿಗೆ ಹೋಗುವಾಗ ಸರ ಹೊರಗೆ ತೆಗೆಯೋದು ಬೇಡ, ಮನಸ್ಸಿನಲ್ಲೇ ಮಾಡಿ. ಗಟ್ಟಿಯಾಗಿ ಹೇಳೋದು, ತುಟಿ ಮಾತ್ರ ಆಡಿಸೋದು, ಮನಸ್ಸಿನಲ್ಲೇ ಹೇಳಿಕೊಳ್ಳೋದು ಅಂತ ಮೂರು ಬಗೆ ಇದೆ, ಮೂರನೆಯದೇ ಮೇಲು ಅನ್ನುತ್ತಾರೆ. ಮಂತ್ರ ಯಾವುದು ಅಂತ ಮಾತ್ರ ಯಾರಿಗೂ ಹೇಳಬೇಡಿ, ಮನೆಯವರಿಗೂ.

ಕಡಿಮೆ ಒಪ್ಪಿಕೊಳ್ಳಿ ಅಂದೆನಲ್ಲ, ಅದಕ್ಕೆ ಪರಮಹಂಸರ ಗೃಹಸ್ಥ ಶಿಷ್ಯ ಗಿರೀಶಚಂದ್ರ ಘೋಷ್ ನೆನಪಾಗುತ್ತಾರೆ. ನಾಟಕದವರು, ಕುಡಿತದ ಚಟ ಬೇರೆ. ಬೆಳಿಗ್ಗೆ ಸಂಜೆ ದೇವರ ನೆನಪು ಮಾಡು ಅಂದರೆ, ನನ್ನ ದಿನಕ್ಕೆ ಹೊತ್ತುಗೊತ್ತೇ ಇಲ್ಲ, ಮಾತು ಕೊಟ್ಟು ತಪ್ಪಲಾರೆ ಅಂದುಬಿಟ್ಟರು. ಕೊನೆಗೆ ಪರಮಹಂಸರು, ಹಾಗಾದರೆ ನಿನ್ನ ಭಾರ ಪೂರ್ತಿ ನನಗೆ ವಹಿಸಿಬಿಡು ಅಂದರಂತೆ. ಸದ್ಯ ಬಚಾವಾದೆ ಅಂದುಕೊಂಡ ಗಿರೀಶರಿಗೆ, ಜಪಕ್ಕಾದರೆ ಹೊತ್ತು ಅಂತ ಇರುತ್ತದೆ, ಈ ವಹಿಸಿಕೊಡೋದಕ್ಕೆ ಹೊತ್ತೂ ಇಲ್ಲ ಬಿಡುವೂ ಇಲ್ಲ ಅನ್ನೋದು ಆಮೇಲೆ ಗೊತ್ತಾಯ್ತು.

ಮನೆಯವರ ವಿಷಯ ಎಲ್ಲಕ್ಕಿಂತ ಕಷ್ಟ. ಶುರುವಿನಲ್ಲಿ ಒಂದು ಬೆಳಿಗ್ಗೆ ನಾನು ಒಲೆ ಮೇಲೆ ಹಾಲಿಟ್ಟು ಜಪಕ್ಕೆ ಕೂತಿದ್ದೆ. ಹಾಲು ಉಕ್ಕೋ ಸದ್ದು ಕೇಳಿಸಿತು, ಆದರೂ ಸರ ಅರ್ಧಕ್ಕೆ ಬಿಡಬಾರದು ಅಂತ ಏಳಲಿಲ್ಲ. ಒಲೆ ತೊಳೆದಿದ್ದು ನನ್ನ ಹೆಂಡತಿ. "ನಿಮ್ಮ ಮೋಕ್ಷಕ್ಕೆ ನಾನ್ಯಾಕೆ ಒಲೆ ಉಜ್ಜಬೇಕು?" ಅಂದಳು. ಉತ್ತರ ಇರಲಿಲ್ಲ. ಮನೆಯವರಿಗೆ ನೀವು ಬೇಡದ ಹೊತ್ತು ಯಾವುದು ಅಂತ ಕೇಳಿ, ಆ ಹೊತ್ತಿಗೆ ಕೂತುಕೊಳ್ಳಿ. ಮತ್ತೆ, ಅವರನ್ನೂ ದೀಕ್ಷೆ ತಗೊಳ್ಳಿ ಅಂತ ಪೀಡಿಸಬೇಡಿ. ಹೊಸ ಶಿಷ್ಯರ ಕಾಟ ಹೊಸ ಅಳಿಯನ ಕಾಟಕ್ಕಿಂತ ಜಾಸ್ತಿ.

ಗುರುಗಳನ್ನು ನೋಡೋದಕ್ಕೆ ಚಾತುರ್ಮಾಸ್ಯ ಒಳ್ಳೆ ಸಮಯ. ಸನ್ಯಾಸಿಗಳು ಆಗ ಊರೂರು ತಿರುಗುವುದಿಲ್ಲ. ಆಷಾಢ ಹುಣ್ಣಿಮೆಯ ವ್ಯಾಸಪೂಜೆಯಿಂದ ನಾಲ್ಕು ಪಕ್ಷ, ಅಂದರೆ ಸುಮಾರು ಎರಡು ತಿಂಗಳು, ಅನೇಕರು ಒಂದೇ ಕಡೆ ಇರುತ್ತಾರೆ. ಹುಣ್ಣಿಮೆ ದಿನವೇ ಹೋದರೆ ನಮಸ್ಕಾರ ಮಾಡಿ ಮಂತ್ರಾಕ್ಷತೆ ಈಸಿಕೊಂಡು ಮುಂದೆ ನಡೀಬೇಕು, ಹಿಂದಿನವರು ತಳ್ಳುತ್ತಿರುತ್ತಾರೆ. ಮಾತಾಡೋದಿದ್ದರೆ ಎರಡು ವಾರ ಬಿಟ್ಟು, ರಜೆ ಇಲ್ಲದ ದಿನ ಹೋಗಿ. ಸನ್ಯಾಸಿಗಳ ಪಾದ ಮುಟ್ಟೋ ಪದ್ಧತಿ ಎಲ್ಲಾ ಕಡೆ ಇಲ್ಲ, ಮುಂದಿನವರು ಏನು ಮಾಡುತ್ತಾರೆ ನೋಡಿಕೊಳ್ಳಿ. ಕೇಳೋದು ಒಂದೇ ಪ್ರಶ್ನೆ ಇರಲಿ, ಅದೂ ಸಾಧನೆಯದ್ದು. ಮಗಳ ಮದುವೆ, ಸೈಟಿನ ಕೇಸು ಕೇಳಬಾರದು ಅಂತಲ್ಲ, ಆದರೆ ಇರೋ ಎರಡು ನಿಮಿಷ ಅದಕ್ಕೇ ಹೋದರೆ ಜಪದಲ್ಲಿ ನಿದ್ದೆ ಯಾಕೆ ಬರುತ್ತದೆ ಅಂತ ಕೇಳೋದು ಯಾವಾಗ?

ಕಾಣಿಕೆ ಕೈಲಾದಷ್ಟು. ಪಾದಪೂಜೆಗೆ ಸಾಲ ಮಾಡಬೇಡಿ. ದುಡ್ಡಿಲ್ಲದಿದ್ದರೆ ಊಟದ ಹೊತ್ತಿಗೆ ಎಲೆ ತೆಗೆಯೋಕೆ ನಿಲ್ಲಿ, ಆ ಕೆಲಸಕ್ಕೆ ಯಾವಾಗಲೂ ಜನ ಕಡಿಮೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆಸ್ತಿ ಬರೆದುಕೊಡು ಅಂದರೆ, ಮನೆಯವರಿಗೆ ಹೇಳದೆ ಒಬ್ಬಳೇ ಬಾ ಅಂದರೆ, ಡಾಕ್ಟರ ಔಷಧಿ ನಿಲ್ಲಿಸು ಅಂದರೆ, ಎದ್ದು ಬನ್ನಿ. ಗುರುಶಾಪ ತಟ್ಟುತ್ತದೆ ಅಂತ ಹೆದರಿಸುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಮೈಮೇಲೆ ಕೈ ಹಾಕಿದರೆ ಪೊಲೀಸರಿಗೆ ಹೇಳಿ.

ಗುರುಗಳು ತೀರಿಕೊಂಡರೆ ಬೇರೆ ಉಪದೇಶ ತಗೋಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಸಾಮಾನ್ಯವಾಗಿ ಬೇಕಿಲ್ಲ, ಕೊಟ್ಟ ಮಂತ್ರವೇ ನಡೆಯುತ್ತದೆ. ಸಂದೇಹ ಬಂದರೆ ಪೀಠಕ್ಕೆ ಬಂದವರನ್ನೋ ಹಿರಿಯ ಶಿಷ್ಯರನ್ನೋ ಕೇಳಿ. ವರ್ಷಕ್ಕೊಮ್ಮೆ ಅವರ ಪುಣ್ಯದಿನದ ಆರಾಧನೆಗೆ ಹೋಗಿ ಬನ್ನಿ, ಆಗದಿದ್ದರೆ ಅವತ್ತು ಮನೆಯಲ್ಲೇ ಒಂದು ಸರ ಜಾಸ್ತಿ ಮಾಡಿ. ಹಾಲು ಇಳಿಸಿದ ಮೇಲೆ.