ಹೋವರ್ಡ್ ಸತ್ತ ಮೇಲಿನ ಕೊನಾನ್ ಕಥೆಗಳು: ನಾನು ಪಟ್ಟಿ ಮಾಡಿದ್ದು ಹೀಗೆ

ಅಮೆರಿಕದ ಕಥೆಗಾರ ರಾಬರ್ಟ್ ಇ. ಹೋವರ್ಡ್ ತೀರಿಕೊಂಡದ್ದು 1936ರ ಜೂನ್‌ನಲ್ಲಿ. ಅವನು ಸೃಷ್ಟಿಸಿದ ಕತ್ತಿವೀರ ಕೊನಾನ್ ಮಾತ್ರ 1970ರ ದಶಕದಲ್ಲೂ ಅಮೆರಿಕದ ಪತ್ರಿಕೆಗಳಲ್ಲಿ ಹೊಸ ಕಥೆಗಳಲ್ಲಿ ಕತ್ತಿ ಬೀಸುತ್ತಲೇ ಇದ್ದ. ಯಾವುದು ಯಾರು ಬರೆದದ್ದು ಅಂತ ತಿಳಿಯಬೇಕಿತ್ತು.

ಲ್ಯಾನ್ಸರ್ ಪ್ರಕಾಶನದವರ ಕೊನಾನ್ ಪೇಪರ್‌ಬ್ಯಾಕ್‌ಗಳಿಂದ ಇದು ಬಗೆಹರಿಯಲ್ಲ. ಅವುಗಳಲ್ಲಿ ಕಥೆಗಳು ಕೊನಾನ್‌ನ ವಯಸ್ಸಿನ ಪ್ರಕಾರ ಇವೆ, ಹೋವರ್ಡ್‌ನದ್ದೂ ಬೇರೆಯವರದ್ದೂ ಬೆರೆತುಹೋಗಿವೆ. ಹಾಗಾಗಿ ನಾನು ಹಳೇ ಪತ್ರಿಕೆಗಳ ಸ್ಕ್ಯಾನ್ ಹಿಡಿದು ಕೂತೆ. ಮೊದಲು ಎಲ್ಲಿ ಅಚ್ಚಾಯಿತು, ಯಾರ ಹೆಸರಿತ್ತು, ಮೂಲ ಹಸ್ತಪ್ರತಿ ಇದೆಯಾ, ಇಷ್ಟನ್ನು ಬರೆದುಕೊಂಡೆ. ಮುಖಪುಟದ ತಿಂಗಳನ್ನು ಜಾಸ್ತಿ ನಂಬಬೇಡಿ. ಆಗ ಸಂಚಿಕೆಗಳು ಆ ತಿಂಗಳಿಗಿಂತ ಮೊದಲೇ ಅಂಗಡಿಗೆ ಬರುತ್ತಿದ್ದವು.

ನಿಜವಾದ ಕೆಲಸ ಇರುವುದು 1950ರ ದಶಕದಲ್ಲಿ. 1951ರಲ್ಲಿ ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಎಂಬ ಅಮೆರಿಕದ ಲೇಖಕನಿಗೆ ಹೋವರ್ಡ್‌ನ ಅಪ್ರಕಟಿತ ಹಸ್ತಪ್ರತಿಗಳು ಸಿಕ್ಕವು. ‘ದಿ ಗಾಡ್ ಇನ್ ದಿ ಬೌಲ್’ ಡಿ ಕ್ಯಾಂಪ್ ತಿದ್ದಿದ ರೂಪದಲ್ಲೇ 1952ರ ಸೆಪ್ಟೆಂಬರ್‌ನ ‘ಸ್ಪೇಸ್ ಸೈನ್ಸ್ ಫಿಕ್ಷನ್’ನಲ್ಲಿ ಬಂತು. ಇದು ಮೂಲತಃ ಕೊನಾನ್ ಕಥೆಯೇ, ಪರವಾಗಿಲ್ಲ. ಆದರೆ 1955ರ ಅಕ್ಟೋಬರ್‌ನ ‘ಫೆಂಟಾಸ್ಟಿಕ್ ಯೂನಿವರ್ಸ್’ನಲ್ಲಿ ಬಂದ ‘ಹಾಕ್ಸ್ ಓವರ್ ಶೆಮ್’ ನೋಡಿ. ಹೋವರ್ಡ್ ಬರೆದದ್ದು ‘ಹಾಕ್ಸ್ ಓವರ್ ಈಜಿಪ್ಟ್’, ಖಲೀಫ ಅಲ್ ಹಾಕಿಮ್‌ನ ಕಾಲದ ಕೈರೋದ ಕಥೆ. ಅದರಲ್ಲಿ ಮಾಟಮಂತ್ರವೂ ಇಲ್ಲ, ಕೊನಾನ್‌ನೂ ಇಲ್ಲ! ಡಿ ಕ್ಯಾಂಪ್ ಊರು, ಹೆಸರು, ದೇವರು ಎಲ್ಲ ಬದಲಿಸಿ ಕೊನಾನ್‌ನನ್ನು ತಂದು ಕೂರಿಸಿದ. ಮೂಲವನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಓದಿ, ಕತ್ತಿ ಕಾಳಗದ ಸಾಲುಗಳು ಹೋವರ್ಡ್‌ನವೇ ಅಂತ ಗೊತ್ತಾಗುತ್ತೆ, ನಡುನಡುವೆ ಬರುವ ಮಂತ್ರವಾದ ಮಾತ್ರ ಸುಮ್ನೆ ತೇಪೆ ಹಾಕಿದ ಹಾಗಿದೆ. ಇಂಥದ್ದಕ್ಕೆ ನನ್ನ ಪಟ್ಟಿಯಲ್ಲಿ ‘ವೇಷ ಬದಲಿಸಿದ್ದು’ ಅಂತಲೇ ಬೇರೆ ಗುಂಪು ಮಾಡಿದೆ.

ಆಮೇಲಿನದು ಸುಲಭ. 1957ರ ಸೆಪ್ಟೆಂಬರ್‌ನಲ್ಲಿ ಅದೇ ಪತ್ರಿಕೆಯಲ್ಲಿ ಸ್ವೀಡನ್ನಿನ ಬ್ಯೋರ್ನ್ ನೈಬರ್ಗ್ ಮತ್ತು ಡಿ ಕ್ಯಾಂಪ್ ಬರೆದ ‘ಕೊನಾನ್ ದಿ ವಿಕ್ಟೋರಿಯಸ್’ ಬಂತು. 1972ರಿಂದ 1975ರವರೆಗೆ ‘ಫೆಂಟಾಸ್ಟಿಕ್’ನಲ್ಲಿ ಡಿ ಕ್ಯಾಂಪ್ ಮತ್ತು ಲಿನ್ ಕಾರ್ಟರ್ ಬರೆದ ನಾಲ್ಕು ಕಥೆಗಳು, ಕೊನಾನ್ ಅಷ್ಟೊತ್ತಿಗೆ ವಯಸ್ಸಾದ ರಾಜ, ಜೊತೆಗೆ ಮಗ ಬೇರೆ. ಇವೆಲ್ಲ ಹೊಸದಾಗಿಯೇ ಬರೆದವು, ಬರೆದವರ ಹೆಸರೂ ಮೇಲೆಯೇ ಇದೆ. ಕಥೆಗಳಾಗಿ ನನಗೆ ಸಪ್ಪೆ ಅನಿಸಿದವು, ಆದರೆ ಪಟ್ಟಿ ಮಾಡುವವನಿಗೆ ಇಷ್ಟು ಸಾಕಲ್ವಾ?