ಪ್ರಾಯೋಜಕರಿಲ್ಲದೆ ಸಮ್ಮೇಳನ ಮಾಡಿದ್ದು

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಸಾರ್ವಜನಿಕ ಆರೋಗ್ಯ ಸಮ್ಮೇಳನವೊಂದರ ಗೋಷ್ಠಿಗಳನ್ನು ಜೋಡಿಸುವ ಸಮಿತಿಯಲ್ಲಿ ನಾನಿದ್ದೆ. ಹೆಚ್ಚು ಹಣ ಕೊಟ್ಟವರು ತಂಪು ಪಾನೀಯದ ಕಂಪನಿಯವರು. ಸಿಹಿ ಪಾನೀಯ ಮತ್ತು ಮಕ್ಕಳ ಬೊಜ್ಜಿನ ಬಗ್ಗೆ ಕಿರಿಯ ಸಹೋದ್ಯೋಗಿಯೊಬ್ಬರ ಒಳ್ಳೆಯ ಪ್ರಬಂಧವಿತ್ತು. ಅದನ್ನು ಮುಖ್ಯ ಸಭಾಂಗಣದಿಂದ ತೆಗೆದು, ಎರಡನೆಯ ದಿನ ಊಟವಾದ ಮೇಲೆ ಮಹಡಿಯ ಸಣ್ಣ ಕೊಠಡಿಗೆ ಹಾಕಿದೆ. ಕಂಪನಿಯವರು ಕೇಳಿರಲಿಲ್ಲ, ಫೋನ್ ಕೂಡ ಮಾಡಿರಲಿಲ್ಲ. ನನ್ನ ಪೆನ್ನೇ ತಾನಾಗಿ ಅತ್ತ ಓಡಿತ್ತು. ಕೇಳಲು ಹನ್ನೊಂದು ಮಂದಿ ಇದ್ದರು, ಇಬ್ಬರು ತೂಕಡಿಸುತ್ತಿದ್ದರು.

‘ಹಣ ಕೊಟ್ಟವರು ಗೋಷ್ಠಿಯೊಳಗೆ ತಲೆ ಹಾಕುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಈಗಲೂ ಆ ಸಣ್ಣ ಕೊಠಡಿ ಕಣ್ಣಮುಂದೆ ಬರುತ್ತದೆ. ತಲೆ ಹಾಕುವ ಕಷ್ಟವನ್ನೇ ನಾವು ಅವರಿಗೆ ಕೊಡುವುದಿಲ್ಲ.

ರಾಜ್ಯಮಟ್ಟದ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯ ಹೊಣೆ ನನ್ನ ಹೆಗಲೇರಿದಾಗ, ನಮ್ಮ ವಿಷಯಕ್ಕೆ ಸಂಬಂಧಪಟ್ಟ ಯಾವ ಕಂಪನಿಯ ಹಣವೂ ಬೇಡ ಎಂದು ಮೊದಲ ಸಭೆಯಲ್ಲೇ ಹೇಳಿದೆ. ಹಿರಿಯ ಪ್ರಾಧ್ಯಾಪಕರೊಬ್ಬರು ನಕ್ಕು, ‘ಹಾಗಾದರೆ ಬಂದವರಿಗೆ ಮಜ್ಜಿಗೆ ಕುಡಿಸಿ ಕಳಿಸುತ್ತೀರಾ ಮೇಡಂ?’ ಎಂದರು.

ಶಿಶು ಆಹಾರದ ಕಂಪನಿಗಳ ವಿಷಯದಲ್ಲಿ ವಾದವೇ ಬೇಕಿರಲಿಲ್ಲ. ಶಿಶು ಹಾಲಿನ ಬದಲಿಗಳಿಗೆ ಸಂಬಂಧಿಸಿದ 1992ರ ಕಾಯ್ದೆಗೆ 2003ರಲ್ಲಿ ತಿದ್ದುಪಡಿ ಬಂದ ಮೇಲೆ, ಸಮ್ಮೇಳನ, ವಿಚಾರ ಸಂಕಿರಣ, ಫೆಲೋಶಿಪ್, ಸಂಶೋಧನೆ ಎಂಬ ಯಾವ ಹೆಸರಿನಲ್ಲೂ ಅವರು ಆರೋಗ್ಯ ಕಾರ್ಯಕರ್ತರ ಸಂಘಗಳಿಗೆ ಹಣ ಕೊಡುವಂತಿಲ್ಲ. ಆದರೂ ಒಬ್ಬ ಪ್ರತಿನಿಧಿ ಬಂದರು. ‘ಇದು ಕಂಪನಿಯ ಹಣ ಅಲ್ಲ ಮೇಡಂ, ಪ್ರತಿಷ್ಠಾನದ್ದು’ ಎಂದು ಕಾರ್ಡ್ ಕೊಟ್ಟರು. ಕಾರ್ಡಿನಲ್ಲಿದ್ದ ವಿಳಾಸ ಕಂಪನಿಯದ್ದೇ, ಮಹಡಿಯೂ ಅದೇ. ಕಾಯ್ದೆಯ 9ನೇ ಸೆಕ್ಷನ್ನಿನ ಪ್ರತಿಯನ್ನು ಮೇಜಿನ ಮೇಲೆ ಅವರತ್ತ ತಿರುಗಿಸಿ ಇಟ್ಟೆ. ಕಾಫಿ ಮುಗಿಸಿ ಹೋದರು. ಪಾಪ, ತಿಂಗಳ ಗುರಿ ಮುಟ್ಟಿಸಬೇಕಾದ ಹುಡುಗ.

ತಂಬಾಕಿನವರನ್ನು ಯಾರೂ ಕರೆಯುವುದಿಲ್ಲ. ಔಷಧ ಕಂಪನಿಗಳಿಗೆ 2024ರ ಮಾರುಕಟ್ಟೆ ಸಂಹಿತೆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ವೈದ್ಯರ ಶಿಕ್ಷಣ ಕಾರ್ಯಕ್ರಮಗಳನ್ನು ವಿದೇಶದಲ್ಲಿ ನಡೆಸಬಾರದು, ಖರ್ಚನ್ನು ಬಹಿರಂಗಪಡಿಸಬೇಕು ಎನ್ನುತ್ತದೆ. ಪಾನೀಯ, ಚಿಪ್ಸ್‌ನವರ ಹಣಕ್ಕೆ ಅಡ್ಡ ಬರುವ ಇಂಥ ಕಾಯ್ದೆ ನಮ್ಮ ಕೈಗೆ ಸಿಗಲಿಲ್ಲ. ಹಾಗಾಗಿ ನಾವೇ ಒಂದು ಪುಟದ ನಿಯಮ ಬರೆದು ಸಮಿತಿಯ ಎಲ್ಲರಿಂದ ಸಹಿ ಹಾಕಿಸಿದೆವು. ಸಹಿ ಮುಖ್ಯ. ದುಡ್ಡು ಸಾಲದು ಎಂದು ಮೂರನೆಯ ತಿಂಗಳಲ್ಲಿ ಗಾಬರಿಯಾದಾಗ ನಮ್ಮನ್ನು ಕಟ್ಟಿಹಾಕಿದ್ದು ಅದೇ.

ಇನ್ನು ಹಣದ ಕಥೆ. ಹೋಟೆಲ್ ಬಿಟ್ಟು ಕಾಲೇಜಿನ ಸಭಾಂಗಣ ಹಿಡಿದೆವು. ರಜೆ ಇದ್ದುದರಿಂದ ಹಾಸ್ಟೆಲ್ ಕೊಠಡಿಗಳು ಸಿಕ್ಕವು. ಸೊಳ್ಳೆ ಪರದೆ ಬಾಡಿಗೆಗೆ ತಂದೆವು. ನೋಂದಣಿ ಶುಲ್ಕವನ್ನು ಸಾವಿರ ರೂಪಾಯಿ ಏರಿಸಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮಾತ್ರ ಹಳೆಯದನ್ನೇ ಉಳಿಸಿದೆವು. ದೂರದ ಭಾಷಣಕಾರರು ವಿಡಿಯೊದಲ್ಲಿ ಬಂದರು. ರೆಕ್ಸಿನ್ ಬ್ಯಾಗ್, ಪೆನ್, ಪ್ಯಾಡ್ ಎಲ್ಲವನ್ನೂ ಕೈಬಿಟ್ಟೆವು. ಶಾಲು, ಹಾರ, ನೆನಪಿನ ಕಾಣಿಕೆ ತೆಗೆದಾಗ ಮಾತ್ರ ದೊಡ್ಡ ರಂಪವಾಯಿತು. ಕಂಪನಿಯ ಹಣ ಬೇಡವೆಂದು ಒಪ್ಪಿದವರೇ ಹಾರವಿಲ್ಲದೆ ಅತಿಥಿಯನ್ನು ಕೂರಿಸುವುದು ಹೇಗೆಂದು ಒಂದು ಗಂಟೆ ವಾದಿಸಿದರು. ಕೊನೆಗೆ ಎಲ್ಲರಿಗೂ ಒಂದೊಂದು ಗುಲಾಬಿ ಎಂದು ರಾಜಿಯಾಯಿತು. ರಾತ್ರಿಯ ಔತಣದ ಬದಲು ಸಂಜೆ ಮಂಡಕ್ಕಿ, ಮಿರ್ಚಿ. ಮಧ್ಯಾಹ್ನ ಮಜ್ಜಿಗೆ, ಬೇಕೆಂದೇ!

ಬಂದವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಡಿಮೆಯಿತ್ತು. ಖಾಸಗಿ ಆಸ್ಪತ್ರೆಯೊಂದು ಓಡಾಟಕ್ಕೆ ಬಸ್ ಕೊಡುತ್ತೇನೆಂದಾಗ ಸಮಿತಿ ಇಬ್ಭಾಗವಾಯಿತು. ನಾವು ಬಸ್ ತೆಗೆದುಕೊಂಡೆವು. ಲೆಕ್ಕಪತ್ರದಲ್ಲಿ ಅದನ್ನೂ ಅಚ್ಚು ಹಾಕಿ ಎಲ್ಲರ ಕೈಗೂ ಕೊಟ್ಟೆವು. ಸರಿ ಮಾಡಿದೆವೇ ಎಂಬ ಕಸಿವಿಸಿ ನನಗೆ ಇನ್ನೂ ಇದೆ.

ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಯ ಸಮಯವನ್ನು ಆ ಕಿರಿಯ ಸಹೋದ್ಯೋಗಿಗೆಂದು ಇಟ್ಟುಕೊಂಡು ಫೋನ್ ಮಾಡಿದೆ. ಅವರು ಸಂತೋಷದಿಂದಲೇ ಮಾತಾಡಿದರು. ‘ಆ ಕೆಲಸ ಬಿಟ್ಟು ಮೂರು ವರ್ಷವಾಯಿತು ಮೇಡಂ. ಈಗ ಡೆಂಗಿ ಮೇಲೆ ಮಾಡುತ್ತಿದ್ದೇನೆ, ಅದರ ಬಗ್ಗೆ ಮಾತಾಡಲೇ?’ ಎಂದು ಕೇಳಿದರು.