ತಶ್, ತಾಸ್, ಚುಲ್: ಒಂದು ಕಲ್ಲಿನ ಜಾಡು

ಟರ್ಕಿಶ್, ಕಜಕ್ ಮುಂತಾದ ಭಾಷೆಗಳ ತಾಯಿಯಾದ ಮೂಲ ತುರ್ಕಿ ಭಾಷೆಯನ್ನು ಯಾರೂ ಬರೆದಿಟ್ಟಿಲ್ಲ. ಅದರ ಮಕ್ಕಳ ಭಾಷೆಗಳನ್ನು ಪಕ್ಕಪಕ್ಕ ಇಟ್ಟು ಹಳೆಯ ರೂಪವನ್ನು ಹುಡುಕಬೇಕು. ನಾನು ಆರಿಸಿಕೊಂಡಿದ್ದು 'ಕಲ್ಲು'. ದಿನಬಳಕೆಯ ಇಂಥ ಪದವನ್ನು ಜನ ಬೇರೆಯವರಿಂದ ಸಾಲ ತರುವುದು ಕಡಿಮೆ.

ಮೊದಲು ಪದಗಳನ್ನು ಬರೆದುಕೊಂಡೆ. ಟರ್ಕಿಶ್ ತಶ್, ಕಜಕ್ ತಸ್, ಉಜ್ಬೆಕ್ ತೋಶ್, ತುರ್ಕ್‌ಮೆನ್ ದಾಶ್, ಸೈಬೀರಿಯಾದ ಯಾಕೂತ್ ತಾಸ್. ನಮಗೆಲ್ಲ ಗೊತ್ತಿರುವ ತಾಷ್ಕೆಂಟ್ ಅಂದರೆ ಕಲ್ಲಿನ ಊರು. ಮಂಗೋಲಿಯಾದಲ್ಲಿರುವ 8ನೇ ಶತಮಾನದ ಹಳೆಯ ತುರ್ಕಿ ಭಾಷೆಯ ಓರ್ಖೋನ್ ಶಾಸನಗಳಲ್ಲೂ ಈ ಪದ ಸಿಗುತ್ತದೆ. ಇವೆಲ್ಲ ಒಂದೇ ಮನೆಯವು ಅಂತ ನೋಡಿದ ಕೂಡಲೇ ತಿಳಿಯುತ್ತದೆ, ಅಲ್ವಾ? ಆದರೆ ರಷ್ಯಾದ ವೋಲ್ಗಾ ನದಿಯ ಕಡೆಯ, ಇದೇ ಮನೆಯ ಚುವಾಶ್ ಭಾಷೆಯಲ್ಲಿ ಕಲ್ಲಿಗೆ 'ಚುಲ್' ಅನ್ನುತ್ತಾರೆ.

ನಾನು ಜಾಸ್ತಿ ಹೊತ್ತು ಕೂತದ್ದು ಇದರ ಮೇಲೆಯೇ. ನಮ್ಮ 'ಕಿವಿ' ತೆಲುಗಿನಲ್ಲಿ 'ಚೆವಿ', 'ಕೈ' ಅಲ್ಲಿ 'ಚೇಯಿ'. ಒಂದು ಜೋಡಿ ಸಾಲದು, ಅದೇ ಬದಲಾವಣೆ ಮತ್ತೆ ಮತ್ತೆ ಕಾಣಬೇಕು. ಹಾಗಾಗಿ ಟರ್ಕಿಶ್‌ನಲ್ಲಿ ಶ್ ಇರುವ ಬೇರೆ ಪದಗಳನ್ನು ತೆಗೆದೆ. ಚಳಿಗಾಲ: ಕಿಶ್, ಚುವಾಶ್‌ನಲ್ಲಿ ಹೆಲ್. ಬೆಳ್ಳಿ: ಗ್ಯುಮ್ಯುಶ್, ಕೆಮೆಲ್. ಐದು: ಬೆಶ್, ಪಿಲೆಕ್. ಈ ಜೋಡಿಗಳಲ್ಲಿ ಶ್ ಇದ್ದಲ್ಲೆಲ್ಲ ಲ್ ಬರುತ್ತಿದೆ.

ಮೊದಲಿನ 'ಚ' ಎಲ್ಲಿಂದ ಬಂತು? ಇಲ್ಲಿ ನೆರವಾದದ್ದು ಯಾಕೂತ್ ಮತ್ತು ತುರ್ಕ್‌ಮೆನ್. ಮೂಲದ ದೀರ್ಘ ಸ್ವರವನ್ನು ಅವು ಇಂದಿಗೂ ಕಾಪಾಡಿಕೊಂಡಿವೆ. ಯಾಕೂತ್‌ನಲ್ಲಿ 'ಅತ್' ಅಂದರೆ ಕುದುರೆ, 'ಆತ್' ಅಂದರೆ ಹೆಸರು. ಚುವಾಶ್‌ನಲ್ಲಿ ಕುದುರೆ 'ಉತ್', ಹೆಸರು 'ಯತ್'. ಅಂದರೆ ದೀರ್ಘ ಆ ಇದ್ದ ಕಡೆ ಚುವಾಶ್ ಒಂದು 'ಯ' ಸೇರಿಸಿಕೊಂಡಿದೆ. ಕಲ್ಲಿನ ಪದದಲ್ಲೂ ಸ್ವರ ದೀರ್ಘವೇ. ತಾ ಮೊದಲು ತ್ಯಾ ಆಗಿ, ಆಮೇಲೆ ಚ ಆಯಿತು. ಈ ಜೋಡಿ ಕೂಡಿಬಂದಾಗ ನನಗಾದ ಖುಷಿ ಇಷ್ಟಿಷ್ಟಲ್ಲ.

ಒಂದೇ ರೀತಿ ಕೇಳಿಸುವ ಪದಗಳನ್ನು ಸೋಸುವುದೂ ಮುಖ್ಯ. ಟರ್ಕಿಶ್ 'ಅರ್ಕದಶ್', ಅಂದರೆ ಗೆಳೆಯ, ಕಲ್ಲಿಗೆ ಸಂಬಂಧಪಟ್ಟದ್ದಲ್ಲ. ಅದರಲ್ಲಿರುವ 'ದಶ್' ಜೊತೆಗಾರ ಅನ್ನುವ ಪ್ರತ್ಯಯ. 'ಯೋಲ್ದಶ್' ಅಂದರೆ ದಾರಿಯ ಜೊತೆಗಾರ.

ಇನ್ನು ಕೊನೆಯ ಅಕ್ಷರ. ಮೂಲದಲ್ಲಿ ಇದ್ದದ್ದು ಶ್ ಅನ್ನುವ ವಿದ್ವಾಂಸರಿದ್ದಾರೆ, ಲ್ ಅನ್ನುವವರೂ ಇದ್ದಾರೆ. ಮಾಮೂಲಿ ಲ್ ಅಂತೂ ಅಲ್ಲ. ದಾರಿಗೆ ಟರ್ಕಿಶ್‌ನಲ್ಲಿ 'ಯೋಲ್', ಚುವಾಶ್‌ನಲ್ಲಿ 'ಶುಲ್'. ಆ ಲ್ ಎರಡೂ ಕಡೆ ಲ್ ಆಗಿಯೇ ಉಳಿದಿದೆ. ಹಾಗಾಗಿ ನಾನು ಬೇರೊಂದು ಬಗೆಯ ಲ್ ಇಟ್ಟು, ಊಹಿಸಿದ ರೂಪ ಅನ್ನುವುದಕ್ಕೆ ನಕ್ಷತ್ರ ಹಾಕಿ, *ತಾಲ್ ಅಂತ ಬರೆದುಕೊಂಡೆ. ಮಂಗೋಲಿಯನ್ನರು ಕಲ್ಲಿಗೆ 'ಚುಲೂ' ಅನ್ನುತ್ತಾರೆ. ಅದು ಸಾಲವೋ ಸಂಬಂಧವೋ ಅನ್ನುವ ಚರ್ಚೆ ಬೇರೆ, ಅಲ್ಲೂ ಇರುವುದು ಲ್ ಧ್ವನಿಯೇ.